ನಾನು ಪ್ರತಿವಾದಿ ಆದದ್ದು

ಉಳಿದವರ ಮಾನ ಮನೆಯೊಳಗೇ ಹೋಗುತ್ತದೆ, ಬಾಗಿಲು ಹಾಕಿಕೊಂಡರೆ ಮುಗೀತು. ನನ್ನದು ಮಾತ್ರ ಯಾವಾಗ ಹೋದರೂ ನಾಲ್ಕು ಮಂದಿ ನಡುವೆಯೇ ಹೋಗುತ್ತದೆ.

ಅಬ್ಬಿಗೇರಿಯಲ್ಲಿ ನನ್ನದರಂಥ ದೊಡ್ಡ ಬೈಕು ಯಾರ ಹತ್ತಿರಾನೂ ಇರಲಿಲ್ಲ. ಚಾಲೂ ಮಾಡಿದರೆ ಓಣಿಯ ಎಮ್ಮೆಗಳು ಗ್ವಾದಲಿಯ ಮೇವು ಬಿಟ್ಟು ಓಡಬೇಕು, ಅಂಥ ಸಪ್ಪಳ. ಅದು ಸಾಲದ ಗಾಡಿ ಅನ್ನುವುದನ್ನು ಮಾತ್ರ ನಾನು ಸಪ್ಪಳ ಮಾಡಿ ಹೇಳಿರಲಿಲ್ಲ. ಕಂತು ತಪ್ಪಿದವು. ಫೈನಾನ್ಸಿನವರು ರೋಣದ ಕೋರ್ಟಿಗೆ ಹೋದರು. ಸೋತರೆ ಗಾಡಿ ಹೋಗುತ್ತದೆ. ಗಾಡಿ ಹೋದರೆ ನಾನು ಊರಾಗ ನಡಕೊಂತ ತಿರುಗಬೇಕು. ನಾನು! ನಡಕೊಂತ!

ಮಾಳಿಗೆ ಮ್ಯಾಲ

"ಸಮನ್ಸು ಕೈಯಾಗ ಹಿಡೀಲಿಲ್ಲ ಅಂದ್ರ ಕೇಸ ಇಲ್ಲಲೇ" ಅಂತ ಕಟ್ಟೆ ಮೇಲಿನ ದೋಸ್ತರು ಕಾನೂನು ಹೇಳಿದ್ದರು. ಕೋರ್ಟಿನ ಅಮೀನ ಸಮನ್ಸು ಹಿಡಿದು ಬರುವುದು ಕಂಡದ್ದೇ ಮಾಳಿಗೆ ಏರಿ, ಬೆಳಕಿಂಡಿಯ ಬಾಜೂಕ ಬೋರಲು ಬಿದ್ದೆ. ಅವ್ವ ನಾನು ಹೇಳಿಕೊಟ್ಟಂತೆ, "ಮಗ ಊರಾಗಿಲ್ರಿ" ಅಂದಳು. ಆದರೆ ಮಧ್ಯಾಹ್ನ ಬಂದವರನ್ನು ಉಣಿಸದೆ ಕಳಿಸಿದ್ದು ನಮ್ಮ ಮನೆತನದಲ್ಲೇ ಇಲ್ಲ. "ಕುಂದರ್ರಿ, ಒಂದು ರೊಟ್ಟಿ ತಿಂದು ಹೋಗ್ರಿ" ಅಂದುಬಿಟ್ಟಳು.

ಅಮೀನ ಕೂತ. ಬಿಸಿ ರೊಟ್ಟಿ, ಎಣ್ಣಿಗಾಯಿ, ಶೇಂಗಾ ಹಿಂಡಿ. ವಾಸನೆ ಬೆಳಕಿಂಡಿ ಹಾದು ನೆಟ್ಟಗೆ ನನ್ನ ಮೂಗಿಗೇ ಬಂತು. ತಡೆಯಲಾಗದೆ ಬಗ್ಗಿ ನೋಡಿದೆ. ನನ್ನ ತಲೆಯ ನೆರಳು ಸೀದಾ ಅವನ ತಾಟಿನೊಳಗೆ ಬಿತ್ತು.

ಅಮೀನ ತಲೆ ಸಹ ಎತ್ತಲಿಲ್ಲ. "ಅವ್ವಾರ, ಇನ್ನೊಂದು ತಾಟ ಹಚ್ರಿ. ಪ್ರತಿವಾದಿಗೆ ಹಸಿವ್ಯಾಗೇತಿ."

ಮಾನದ ಕಿಮ್ಮತ್ತು

ಇಳಿದು ಸಹಿ ಮಾಡಿದ ಮೇಲೆ ವಕೀಲರನ್ನು ಹಿಡಿಯಲೇಬೇಕಾಯಿತು.

"ಸಾಲ ತಗೊಂಡದ್ದು ಖರೇನು?" ಅಂದರು.

"ಖರೇ ರಿ."

"ಕಂತು ಕಟ್ಟಿಲ್ಲ?"

"ಇಲ್ರಿ."

"ಮತ್ತ ಉತ್ತರ ಏನಂತ ಬರೀಲಿ?"

ನಾನು ಮೇಜು ಗುದ್ದಿದೆ. "ವಸೂಲಿ ಹುಡುಗ್ರು ನರೇಗಲ್ ಸಂತ್ಯಾಗ ಮಂದಿ ಮುಂದ ನನ್ನ ಕಾಲರ್ ಹಿಡದಾರ್ರಿ. ಮಾನ ಹೋಗೇತಿ. ಹತ್ತು ಲಕ್ಷ ಉಲ್ಟಾ ಕೇಳ್ರಿ!"

"ಕೇಳೋಣು. ಎಷ್ಟು ಕೇಳ್ತೀರಿ, ಅದರ ಮ್ಯಾಲ ಕೋರ್ಟ್ ಫೀ ಮೊದಲ ನೀವ ತುಂಬಬೇಕು" ಅಂತ ವಕೀಲರು ಫೀ ಹೇಳಿದರು.

ಮೇಜಿನ ಮೇಲಿನ ಕೈ ತೆಗೆದೆ. "ಐದು ಲಕ್ಷ ಮಾಡ್ರಿ." ಮತ್ತೆ ಫೀ ಹೇಳಿದರು. "ಒಂದು ಲಕ್ಷ?" ಮತ್ತೆ ಹೇಳಿದರು. ಇಳಿದು ಇಳಿದು ಐದು ಸಾವಿರಕ್ಕೆ ಬಂದೆ.

ಮೂಲೆಯಲ್ಲಿದ್ದ ಟೈಪಿಸ್ಟ್ ಅಕ್ಕ ತಿರುಗಿದಳು. "ಸರ, ಇವರ ಮಾನ ಇನ್ನೂ ಇಳಿಯೂದೈತೇನ್ರಿ, ಇಲ್ಲಾ ಟೈಪ್ ಮಾಡ್ಲಿ?"

ಬೆಂಚಿನ ಮೇಲಿನವರು

ಕಡೆಗೆ ವಕೀಲರು, "ಸಾಲ ಒಪ್ಪಿಕೊಂಡು ಸಣ್ಣ ಕಂತು ಕೇಳೋಣು, ಗಾಡಿ ಉಳೀತದ. ನೀವು ಬಾಯಿ ಮುಚ್ಚಿಕೊಂಡು ನಿಂದರ್ರಿ ಸಾಕು" ಅಂದರು. ನಿಲ್ಲುತ್ತಿದ್ದೆ. ಆದರೆ ತಾರೀಖಿನ ದಿನ ಕೋರ್ಟಿಗೆ ಹೋದರೆ ಹಿಂದಿನ ಬೆಂಚಿನ ತುಂಬ ನಮ್ಮೂರವರೇ! ಯಾವುದೋ ಹೊಲದ ಬದುವಿನ ಕೇಸಿಗೆ ಬಂದಿದ್ದರು.

ವಕೀಲರು ಶುರು ಮಾಡಿದರು: "ಸ್ವಾಮಿ, ನನ್ನ ಕಕ್ಷಿದಾರ ಕಡುಬಡವ. ಒಂದೇ ಸಲಕ್ಕೆ ಕಟ್ಟುವ ಶಕ್ತಿ ಇಲ್ಲ."

ಹಿಂದೆ ಯಾರೋ ಕಿಸಕ್ಕಂದರು. ನನ್ನ ನೆತ್ತರು ಕುದಿಯಿತು. "ಸುಳ್ಳ ರಿ ಸಾಹೇಬ್ರ! ಬಡವ ಯಾಂವ? ನಮ್ಮ ಮನಿತನ ಏನು, ಕರೀ ಎರಿ ಹೊಲ ಏನು! ಊರಿಗೆ ಊರ ಕುಂದರಿಸಿ ಉಣಸ್ತೀವಿ ನಾವು!"

ವಕೀಲರು ಹಣೆ ಹಿಡಿದುಕೊಂಡರು. ನ್ಯಾಯಾಧೀಶರು ಕನ್ನಡಕ ಸರಿಮಾಡಿಕೊಂಡು, "ಬಹಳ ಸಂತೋಷ. ಹಾಗಿದ್ದರೆ ಪೂರ್ತಿ ಹಣ ಇವತ್ತೇ ಕಟ್ಟಿಬಿಡಿ" ಅಂದರು.

"ಸಾಹೇಬ್ರ... ವಕೀಲ್ರು ಹೇಳಿದ್ದ ಖರೇ ಐತ್ರಿ" ಅಂದದ್ದು ನನಗೇ ಕೇಳಿಸಲಿಲ್ಲ.

ನ್ಯಾಯಾಧೀಶರಿಗೂ ಕೇಳಿಸಲಿಲ್ಲ. ಆದರೆ ಹಿಂದೆ ಊರಿನ ಹಿರಿಯರೊಬ್ಬರು ತಲೆಯ ಪಟಗ ಸರಿಮಾಡಿಕೊಂಡು ಎದ್ದು ಕೈಮುಗಿದರು. "ಹುಡುಗಬುದ್ಧಿ ರಿ ಸಾಹೇಬ್ರ, ಸುಮ್ನ ಬಡಾಯಿ ಹೇಳತೈತಿ. ಇವನ ಕಡೆ ಏನಂದ್ರ ಏನೂ ಇಲ್ರಿ. ಬೇಕಾದ್ರ ನಾವೆಲ್ಲಾ ಆಣಿ ಮಾಡಿ ಹೇಳ್ತೀವಿ." ಬೆಂಚಿಗೆ ಬೆಂಚೇ ಎದ್ದು ನಿಂತು "ಹೌದ್ರಿ, ಹೌದ್ರಿ" ಅಂದಿತು. ಬದುವಿನ ಜಗಳದ ಎರಡೂ ಪಾರ್ಟಿಯವರು ಅವತ್ತು ಒಂದಾದದ್ದು ಆ ಒಂದು ಮಾತಿಗೆ.

ಕಂತು ಸಿಕ್ಕಿತು. ಗಾಡಿ ಉಳಿಯಿತು. ಮರುದಿನ ಎಂದಿನಂತೆ ಸಪ್ಪಳ ಮಾಡುತ್ತ ಹೋಗಿ ಚಹಾದಂಗಡಿ ಮುಂದೆ ನಿಲ್ಲಿಸಿದೆ. ಚಹಾ ಕುಡಿದು ರೊಕ್ಕ ಕೊಡಲು ಹೋದರೆ ಅಂಗಡಿಯವನು ನನ್ನ ಕೈ ಹಿಡಿದು, ತುಂಬಿದ ಗಿರಾಕಿಗಳ ಮುಂದೆ, ಮೆತ್ತಗೆ ಅಂದ:

"ಇಟ್ಟಕೋ ತಮ್ಮಾ. ನಿನ್ನ ಪರಿಸ್ಥಿತಿ ಊರಿಗೆಲ್ಲಾ ಗೊತ್ತಾಗೇತಿ."