ಮೌನದ ಬೆನ್ನಿನ ಗೂನು

ಆ ದಿನದ ತಾಪತ್ರಯಕ್ಕೆಲ್ಲ ಮೂಲ ಒಂದು ನಕ್ಷತ್ರ. ಆಕಾಶದ್ದಲ್ಲ, ಆಕಾಶದವು ಪಾಪ, ದೇವರು ಇಟ್ಟಲ್ಲಿ ತಮ್ಮ ಪಾಡಿಗೆ ತಾವಿರುತ್ತವೆ. ಇದು ಗಿರಾಕಿಯೊಬ್ಬರು ಕೊಟ್ಟದ್ದು. ಕೋಣೆಯೊಳಗಿನ ಸದ್ದನ್ನು ಅಳೆದು ಗೆರೆ ಎಳೆದು ತೋರಿಸುವ ಸಾಫ್ಟ್‌ವೇರ್ ಕೊಂಡ ಆ ಹಿರಿಯರು, ಐದರಲ್ಲಿ ಒಂದೇ ನಕ್ಷತ್ರ ಕೊಟ್ಟು ಕೆಳಗೆ ಹೀಗೆ ಬರೆದಿದ್ದರು:

"ನನ್ನ ಕೋಣೆಯ ಮೌನಕ್ಕೆ ನಿಮ್ಮ ಸಾಫ್ಟ್‌ವೇರ್ ಗೂನು ಬರಿಸಿದೆ. ಹನ್ನೆರಡು ಪತ್ರ ಬರೆದೆ. ಹನ್ನೆರಡಕ್ಕೂ 'ಒಮ್ಮೆ ಆರಿಸಿ, ಮತ್ತೆ ಹಾಕಿ ನೋಡಿ' ಎಂಬ ಉತ್ತರ ಬಂತು. ಆರಿಸಿದೆ, ಹಾಕಿದೆ. ಸ್ವಿಚ್ಚು ಸವೆಯಿತು, ಗೂನು ಸವೆಯಲಿಲ್ಲ."

ಆ ಹನ್ನೆರಡು ಉತ್ತರಗಳನ್ನೂ ಬರೆದವನು ಉತ್ತರಪ್ಪ. ಅವನ ಹುಟ್ಟುಹೆಸರು ಬೇರೆ ಇತ್ತು. ಹದಿನಾಲ್ಕು ವರ್ಷ ಒಂದೇ ಕುರ್ಚಿಯಲ್ಲಿ ಕೂತು ಗಿರಾಕಿಗಳ ದೂರಿಗೆ ಉತ್ತರ ಬರೆದದ್ದರಿಂದ ಆಫೀಸಿನವರು ಈ ಹೆಸರಿಟ್ಟಿದ್ದರು. ಮಂಡಿನೋವಿನ ಮನುಷ್ಯ. ಆ ಕುರ್ಚಿಯೊಂದು ಉಳಿದರೆ ಸಾಕೆಂದು ದಿನವೂ ದೇವರನ್ನು ಬೇಡುತ್ತಿದ್ದ.

"ಸಂಜೆ ಐದರೊಳಗೆ ಈ ಒಂದು ನಕ್ಷತ್ರ ಐದಾಗ್ಬೇಕು," ಎಂದರು ಮ್ಯಾನೇಜರು. "ಆಗಲಿಲ್ವೋ, ನಾಳೆಯಿಂದ ಆ ಚೀಲ ನಿಮ್ಮದು."

ಚೀಲ ಮೂಲೆಯಲ್ಲಿತ್ತು. ಮೈಕು, ಸ್ಟ್ಯಾಂಡು, ತಂತಿ ಎಲ್ಲ ಸೇರಿ ಹತ್ತೊಂಬತ್ತು ಕಿಲೋ. ಅದನ್ನು ಹೊತ್ತು ಮನೆಮನೆ ತಿರುಗುವ ಕೆಲಸದಲ್ಲಿದ್ದವನು ಹೋದ ತಿಂಗಳು ಬಿಟ್ಟುಹೋಗಿದ್ದ. ಅವನ ಎಡಹೆಗಲು ಬಲಹೆಗಲನ್ನು ಇನ್ನೂ ಹುಡುಕುತ್ತಿದೆಯಂತೆ.

ಮಧ್ಯಾಹ್ನದ ಹೊತ್ತಿಗೆ ಉತ್ತರಪ್ಪ ಒಂದು ಮೈಕನ್ನಷ್ಟೇ ಕಂಕುಳಲ್ಲಿಟ್ಟುಕೊಂಡು, ಮಂಡಿಗಳನ್ನು ಮಕ್ಕಳಂತೆ ಪುಸಲಾಯಿಸುತ್ತ ಎರಡನೇ ಮಹಡಿ ಹತ್ತಿದ. ಬಾಗಿಲು ತೆರೆದ ಆ ಗಿರಾಕಿ ನಿವೃತ್ತ ಹಾಡಿನ ಮೇಷ್ಟ್ರು. ಶಾಲೆಯಲ್ಲಿ ಕಲಿಸಿದ ಹಾಡುಗಳನ್ನು ತಮ್ಮ ದನಿಯಲ್ಲೇ ರೆಕಾರ್ಡ್ ಮಾಡಿಡಬೇಕೆಂಬುದು ಅವರ ಆಸೆ. ಅದಕ್ಕೆ ಕೋಣೆ ನಿಶ್ಶಬ್ದವಾಗಿರಬೇಕು. ಅಳೆದು ನೋಡಿದರೆ ನಿಶ್ಶಬ್ದದ ಗೆರೆಯ ಮಧ್ಯದಲ್ಲಿ ದಿಬ್ಬದಂಥ ಗೂನು!

"ಎಂಬತ್ತು ಮಕ್ಕಳು ಒಟ್ಟಿಗೆ ಹಾಡ್ತಿದ್ರೆ ಯಾವ ಮಗು ತಪ್ಪಿತು ಅಂತ ಹೇಳೋ ಕಿವಿ ಇದು," ಎಂದು ಮೇಷ್ಟ್ರು ಕಿವಿ ಹಿಡಿದು ತೋರಿಸಿದರು. "ಈ ಕಿವಿಗೆ ಕೇಳದ ಸದ್ದು ನಿಮ್ಮ ಡಬ್ಬಕ್ಕೆ ಕೇಳುತ್ತೋ?"

ಅಷ್ಟರಲ್ಲಿ ಮೇಲ್ಮನೆಯ ನರ್ಸಮ್ಮ ಇಳಿದು ಬಂದರು. "ಬಾಗಿಲು ತೆಗೆದಿತ್ತು. ಯಾರಿಗೆ ಹುಷಾರಿಲ್ಲ?"

"ಮೌನಕ್ಕಮ್ಮ. ಗೂನು ಬಂದಿದೆ," ಎಂದ ಉತ್ತರಪ್ಪ.

"ಎಷ್ಟು ದಿನದಿಂದ?"

ಹಿಂದೆಯೇ ಕೆಳಮನೆಯ ಟೈಲರು, ಕೊರಳಲ್ಲಿ ಟೇಪು ಜೋತುಹಾಕಿಕೊಂಡು ಬಂದ. "ಅಳತೆ ಅಂತ ಕೇಳಿಸ್ತು. ಅಳತೆ ಅಂದ್ಮೇಲೆ ನಾನಿಲ್ದೆ ಆಗುತ್ತಾ?"

ಉತ್ತರಪ್ಪ ಮೇಷ್ಟ್ರ ಕುರ್ಚಿಯ ಪಕ್ಕ ಮೈಕು ನಿಲ್ಲಿಸಿ, ಅವರ ಕಂಪ್ಯೂಟರಿಗೆ ಜೋಡಿಸಿದ. "ಒಂದು ನಿಮಿಷ ಯಾರೂ ಸದ್ದು ಮಾಡಬಾರದು. ಆಮೇಲೆ ಇದೇ ಗೆರೆ ಎಳೆಯುತ್ತೆ."

ನಲವತ್ತನೇ ಸೆಕೆಂಡಿಗೆ ನರ್ಸಮ್ಮ ತಗಡಿನ ಮಾಡು ಕುಸಿದಂತೆ ಸೀನಿದರು. ಎರಡನೇ ಸಲಕ್ಕೆ ಟೈಲರಿಗೆ ಕೆಮ್ಮು ಬಂತು. ಮೂರನೇ ಸಲ ಉತ್ತರಪ್ಪ ಇಬ್ಬರಿಗೂ ಹೇಳಿ ಮೂಗುಬಾಯಿ ಮುಚ್ಚಿಸಿದರೆ ಗೂನು ಪರದೆಯ ಮೇಲೆ ಎದ್ದು ಕೂತಿತು.

"ಫ್ರಿಜ್ಜು," ಎಂದ ಉತ್ತರಪ್ಪ. ಫ್ರಿಜ್ಜು ಆರಿತು. ಗೂನು ಹೋಗಲಿಲ್ಲ. ಗೋಡೆ ಗಡಿಯಾರವನ್ನು ಕಂಬಳಿಯಲ್ಲಿ ಸುತ್ತಿ ಮಂಚದ ಕೆಳಗೆ ಮಲಗಿಸಿದರು. ಹೋಗಲಿಲ್ಲ. ಮೀನಿನ ತೊಟ್ಟಿಯ ಪಂಪು ನಿಲ್ಲಿಸಿದರು. ಮೀನುಗಳು ಗಾಜಿಗೆ ಮೂತಿ ಹಚ್ಚಿ ನ್ಯಾಯ ಕೇಳಿದವು. ಟೈಲರು ಕಿಟಕಿಯಿಂದ ಬಗ್ಗಿ, "ಏಯ್, ಮಿಷಿನ್ ನಿಲ್ಸೇ! ಇಲ್ಲಿ ಮೌನಕ್ಕೆ ಆಪರೇಷನ್ ನಡೀತಿದೆ!" ಎಂದು ಹೆಂಡತಿಗೆ ಕೂಗಿದ. ಮಿಷಿನ್ನೂ ನಿಂತಿತು. ಗೂನು ಮಾತ್ರ ಮಾವನ ಮನೆಗೆ ಬಂದ ಅಳಿಯನ ಹಾಗೆ ಅಲ್ಲಾಡಲಿಲ್ಲ.

ಗಂಟೆ ಮೂರಾಯಿತು. ಕೆಳಗಿನಿಂದ ಅಂಚೆಯವನು ಸಹಿಗೆ ಕರೆದ. ಮೇಷ್ಟ್ರು ಇಳಿದು ಹೋದರು. ಸುಮ್ಮನಿರಲಾರದೆ ಉತ್ತರಪ್ಪ ಇನ್ನೊಮ್ಮೆ ಅಳೆದ.

ಗೆರೆ ಇಸ್ತ್ರಿ ಹಾಕಿದಂತೆ ಸಪಾಟಾಗಿ ಬಂತು.

"ಗೆದ್ದೆ!" ಎಂದು ಅವನು ಮಂಡಿ ಮರೆತು ಎದ್ದು ನಿಂತ. ಮೇಷ್ಟ್ರು ಬಂದು ಕುರ್ಚಿಯಲ್ಲಿ ಕೂತರು. ಅವರಿಗೆ ತೋರಿಸಲೆಂದು ಮತ್ತೆ ಅಳೆದ. ಗೂನು ಮತ್ತೆ ಹಾಜರು.

ಈಗ ಆ ಮನೆಯಲ್ಲಿ ಆರಿಸಲು ಇನ್ನೇನೂ ಉಳಿದಿರಲಿಲ್ಲ. ಅಂಥ ನಿಶ್ಶಬ್ದದಲ್ಲಿ ಉತ್ತರಪ್ಪನಿಗೆ ಅದು ಕೇಳಿಸಿತು: ದೂರದಲ್ಲಿ ದುಂಬಿಯೊಂದು ನಿದ್ದೆಯಲ್ಲಿ ಮಾತಾಡುವಂತೆ, "ಹ್ಞೂಂ… ಹ್ಞೂಂ…" ಎಂಬ ಸಣ್ಣ ಗುನುಗು. ಮೇಷ್ಟ್ರು ಕಣ್ಣು ಮುಚ್ಚಿ, ತುಟಿ ಮುಚ್ಚಿ, ಬಹಳ ನಿಷ್ಠೆಯಿಂದ ಮೌನವಾಗಿ ಕೂತಿದ್ದರು. ಗುನುಗು ಅವರ ಎದೆಯಿಂದ ಬರುತ್ತಿತ್ತು.

ಅವನು ನರ್ಸಮ್ಮನ ಮುಖ ನೋಡಿದ. ಅವರು ಸೀಲಿಂಗ್ ನೋಡಿದರು. ಟೈಲರು ಮೀನುಗಳನ್ನು ಎಣಿಸತೊಡಗಿದ.

"ಸ್ವಲ್ಪ ನೀರು ಕುಡೀರಿ, ಬನ್ನಿ," ಎಂದು ಮೇಷ್ಟ್ರ ಹೆಂಡತಿ ಅವನನ್ನು ಅಡಿಗೆಮನೆಗೆ ಕರೆದರು. ಬಾಗಿಲು ಓರೆ ಮಾಡಿ ಪಿಸುಗುಟ್ಟಿದರು: "ಗೊತ್ತಾಯ್ತಲ್ಲ?"

"ನಿಮಗೆ ಮೊದಲೇ ಗೊತ್ತಿತ್ತಾ ಅಮ್ಮ?"

"ಮದುವೆಯಾದ ದಿನದಿಂದ. ಸುಮ್ಮನೆ ಕೂತರೆ ಗುನುಗ್ತಾರೆ. ಅವರೊಬ್ಬರಿಗೆ ಗೊತ್ತಿಲ್ಲ. ಈ ಬಿಲ್ಡಿಂಗಿಗೆಲ್ಲ ಗೊತ್ತು. ನರ್ಸಮ್ಮನ ಸೀನು ನಿಜ ಅಂದ್ಕೊಂಡ್ರಾ? ಅವರಿಬ್ಬರೂ ಬಂದದ್ದೇ ನಿಮ್ಮ ಅಳತೆ ಕೆಡಿಸೋಕೆ."

"ಅಯ್ಯೋ, ಯಾಕಮ್ಮ?"

"ಹೇಳಿದರೆ ಮುಗೀತು. ಮಾನಿಷ್ಠ ಮನುಷ್ಯ, ಬಾಯಿಗೆ ಹೊಲಿಗೆ ಹಾಕಿಕೊಂಡು ಕೂತುಬಿಡ್ತಾರೆ. ಹೋದ ವರ್ಷ ಆಸ್ಪತ್ರೆಯಲ್ಲಿ ಹನ್ನೊಂದು ದಿನ ಗುನುಗಲಿಲ್ಲ. ಹನ್ನೆರಡನೇ ದಿನ ಬೆಳಿಗ್ಗೆ ಹ್ಞೂಂ ಅಂದ್ರು. ಡಾಕ್ಟರಿಗಿಂತ ಮೊದಲು ನಾನು ದೇವರಿಗೆ ಕೈಮುಗಿದೆ." ಆಕೆ ಲೋಟ ತೊಳೆಯುವ ನೆವದಲ್ಲಿ ಆಚೆ ತಿರುಗಿದರು. "ಅದು ಕೇಳ್ತಿದ್ದರೆ ಅವರು ಇದ್ದಾರೆ ಅಂತ, ನಾನು ನನ್ನ ಕೆಲಸ ಮಾಡ್ಕೊಂಡಿರ್ತೀನಿ."

ಉತ್ತರಪ್ಪ ನೀರು ಕುಡಿದ. ಲೋಟ ಖಾಲಿಯಾದ ಮೇಲೂ ಕುಡಿಯುತ್ತಲೇ ಇದ್ದ. ನಿಜ ಹೇಳಿದರೆ ಸಾಫ್ಟ್‌ವೇರು ಗೆದ್ದೀತು, ಕುರ್ಚಿ ಉಳಿದೀತು. ಆದರೆ ಗೋಡೆಯಾಚೆ ಆ ದುಂಬಿ ಯಾರ ಗೊಡವೆಯೂ ಇಲ್ಲದೆ ಗುನುಗುತ್ತಿತ್ತು.

ಹೊರಗೆ ಬಂದು ಕೈಮುಗಿದ. "ಮೇಷ್ಟ್ರೇ, ತಪ್ಪು ನಮ್ಮದೇ. ಸಾಫ್ಟ್‌ವೇರಿನಲ್ಲೇ ದೋಷ. ನಿಮ್ಮ ಮೌನ ಅಪ್ಪಟವಾಗಿದೆ. ಧೈರ್ಯವಾಗಿ ಹಾಡಿ, ಹಾಡಿಗೆ ಇದರಿಂದ ಏನೂ ಆಗಲ್ಲ."

"ನೋಡ್ದೆಯೇನೇ!" ಎಂದು ಮೇಷ್ಟ್ರು ಹೆಂಡತಿಗೆ ಕೂಗಿದರು. "ಕಿವಿ ಅಂದ್ರೆ ಕಿವಿ!" ನಿಂತ ನಿಲುವಿನಲ್ಲೇ ಫೋನು ತೆಗೆದು, ಒಂದರ ಜಾಗದಲ್ಲಿ ಐದು ನಕ್ಷತ್ರ ಒತ್ತಿ, ಬರೆಯುತ್ತ ಗಟ್ಟಿಯಾಗಿ ಓದಿದರು: "ಗೂನು ಇನ್ನೂ ಇದೆ. ಆದರೆ ಕಂಪನಿಯವರು ಮನೆಗೇ ಬಂದು, ಅದು ತಮ್ಮದೇ ಎಂದು ಕೈಮುಗಿದು ಒಪ್ಪಿಕೊಂಡರು. ಇಂಥ ಸತ್ಯವಂತರು ಈ ಕಾಲದಲ್ಲಿ ಅಪರೂಪ."

'ಸತ್ಯವಂತ' ಎಂಬ ಮಾತಿಗೆ ಉತ್ತರಪ್ಪನ ಕಿವಿ ಬಿಸಿಯಾಯಿತು. ಆದರೂ ಐದು ನಕ್ಷತ್ರ ಬಂತಲ್ಲ! ಟೈಲರು ಅವನ ಕೈ ಕುಲುಕಿದ. ನರ್ಸಮ್ಮ ಮಂಡಿಗೆ ಒಂದು ಮುಲಾಮು ಹೇಳಿದರು. ಮೆಟ್ಟಿಲನ್ನು ಎರಡೆರಡಾಗಿ ಇಳಿದು, ಐದಕ್ಕೆ ಹತ್ತು ನಿಮಿಷ ಇರುವಾಗ ಅವನು ಆಫೀಸು ಸೇರಿದ.

ಮ್ಯಾನೇಜರು ಬಾಗಿಲಲ್ಲೇ ತಬ್ಬಿಕೊಂಡರು. "ಕಂಪನಿ ಶುರುವಾದಾಗಿನಿಂದ ಇಂಥ ಹೊಗಳಿಕೆ ಬಂದಿರಲಿಲ್ಲ ಮಾರಾಯ್ರೇ! ಒಂದೇ ತಾಸಿನಲ್ಲಿ ಅದನ್ನು ಓದಿ ಮೂವತ್ತೊಂದು ಗಿರಾಕಿಗಳು ಬರೆದಿದ್ದಾರೆ."

"ಒಳ್ಳೆಯದಾಯ್ತಲ್ಲ ಸಾರ್. ಏನಂತೆ?"

"ಅವರ ಮನೆಯಲ್ಲೂ ಗೂನು ಇದೆಯಂತೆ. ಆ ಸತ್ಯವಂತರನ್ನೇ ಕಳಿಸಿ, ಬೇರೆಯವರು ಬೇಡ ಅಂತಿದ್ದಾರೆ." ಮ್ಯಾನೇಜರು ಮೂಲೆಯ ಚೀಲವನ್ನು ಎರಡೂ ಕೈಯಲ್ಲಿ ಎತ್ತಿ ತಂದು, ಬಹುಮಾನ ಕೊಡುವವರಂತೆ ಮುಂದೆ ಹಿಡಿದರು. ಅವನ ಕುರ್ಚಿಯಲ್ಲಿ ಆಗಲೇ ಯಾರೋ ಹೊಸಬಳು ಕೂತು, 'ಒಮ್ಮೆ ಆರಿಸಿ' ಎಂದು ಟೈಪ್ ಮಾಡುತ್ತಿದ್ದಳು.

ಉತ್ತರಪ್ಪ ಒಂದು ಹೆಜ್ಜೆ ಹಿಂದೆ ಸರಿದ.

"ಅಂದ ಹಾಗೆ," ಎಂದರು ಮ್ಯಾನೇಜರು, "ಆ ದೋಷ ನಿಜವಾಗಿ ಎಲ್ಲಿದೆ? ಈಗಲೇ ಹೇಳಿಬಿಟ್ರೆ ಇಲ್ಲೇ ಸರಿಮಾಡಿಸಿ ಎಲ್ಲರಿಗೂ ಕಳಿಸಿಬಿಡ್ತೀನಿ. ನೀವು ಈ ಚೀಲ ಮುಟ್ಟೋದೇ ಬೇಡ."

ಉತ್ತರಪ್ಪ ಕುರ್ಚಿಯ ಕಡೆ ನೋಡಿದ. ಚೀಲದ ಕಡೆ ನೋಡಿದ.

"ಇನ್ನೂ ಸಿಕ್ಕಿಲ್ಲ ಸಾರ್. ಹುಡುಕಬೇಕು," ಎಂದು ಚೀಲದ ಪಟ್ಟಿಯೊಳಗೆ ತೋಳು ತೂರಿಸಿದ. "ಮೊದಲ ಮನೆ ಯಾವುದು?"

"ಐದನೇ ಮಹಡಿ," ಎಂದರು ಮ್ಯಾನೇಜರು ಚೀಟಿ ನೋಡುತ್ತ. "ಲಿಫ್ಟು ಕೆಟ್ಟಿದೆಯಂತೆ, ಅದರದ್ದೂ ಒಂದು ದೂರು ಬರೆದಿದ್ದಾರೆ."