ಪಕ್ಕಾ ಬಿಲ್ಲಿನ ಹಾಡುಗಳು

ಪುಣೆ ಹತ್ತಿರದ ದೇಹೂ ರೋಡಿನಲ್ಲಿ ನನ್ನದೊಂದು ಮೊಬೈಲ್ ರಿಪೇರಿ ಅಂಗಡಿ. ರಿಪೇರಿಗಿಂತ ಹೆಚ್ಚಾಗಿ, ನೆಟ್‌ನಿಂದ ಇಳಿಸಿದ ಹಾಡುಗಳನ್ನು ಅಗ್ಗದಲ್ಲಿ ಪೆನ್‌ಡ್ರೈವಿಗೆ ತುಂಬಿಸಿಕೊಳ್ಳಲು ಜನ ಬರುತ್ತಿದ್ದರು. ಹಾಡಿಗೂ ಒಬ್ಬ ಮಾಲೀಕ ಇರುತ್ತಾನೆ ಅನ್ನುವುದು ನನ್ನ ತಲೆಗೆ ಹೋಗಿರಲೇ ಇಲ್ಲ. ಹಾಗಾಗಿ ವಾರಕ್ಕೊಂದಾದರೂ ಫಜೀತಿ ತಪ್ಪುತ್ತಿರಲಿಲ್ಲ.

೧. ಸಾವಕಾರರ ಮುಂಜಾಗ್ರತೆ

ಶಿರೂರಿನಿಂದ ಮುಂಬೈಗೆ ಹೊರಟಿದ್ದ ಈರುಳ್ಳಿ ವ್ಯಾಪಾರಿಯೊಬ್ಬರು ಹೊಸ ಕಾರು ನಿಲ್ಲಿಸಿ ಬಂದರು. ಬಾಗಲಕೋಟೆ ಕಡೆಯವರು.

“ಐನೂರು ಹಾಡು ತುಂಬ್ರಿ. ಪಕ್ಕಾ ಬಿಲ್ ಕೊಡ್ರಿ.”

“ಹಾಡಿಗೆ ಬಿಲ್ ಯಾಕ್ರಿ, ಸಾವಕಾರ್ರ?”

“ಕದ್ದ ಮಾಲು ಅಂತ ಯಾರರೆ ಹಿಡದ್ರ ತೋರಸಾಕ ಬೇಕಲ್ರಿ.”

“ಅದನ್ನ ತೋರಿಸಿದ್ರ ಅವರು ನನ್ನ ಹಿಡೀತಾರ್ರಿ!”

“ಅದಕ್ಕ ಕೇಳಾಕತ್ತೇನ್ರಿ,” ಎಂದರು ಸಾವಕಾರರು, ತಣ್ಣಗೆ.

೨. ಅಸಲಿ ಎಲ್ಲಿ?

ಆವತ್ತಿನಿಂದ ನನಗೆ ಅಳುಕು ಶುರುವಾಯಿತು. ಮನೆ ನಡೆಯುತ್ತಿದ್ದುದೇ ಈ ಅಂಗಡಿಯಿಂದ; ಯಾರಾದರೂ ಬೀಗ ಹಾಕಿಸಿದರೆ ಗತಿ?

ಅಂಥದ್ದರಲ್ಲಿ ಒಂದು ದಿನ ಕಂಪ್ಯೂಟರಿನಲ್ಲಿ ಭಜನೆ ಹಚ್ಚಿದ್ದೆ. ನಿವೃತ್ತ ಗುಮಾಸ್ತರೊಬ್ಬರು ಬಾಗಿಲಲ್ಲೇ ನಿಂತು, “ಇದು ನಾನ ಕಟ್ಟಿ, ನಾನ ಹಾಡಿದ್ದು,” ಎಂದರು. ಗಡಬಡಿಸಿ ಹಾಡು ನಿಲ್ಲಿಸಿದೆ. ಪುಣ್ಯಾತ್ಮರು ಬೈಯಲಿಲ್ಲ. “ನನ್ನ ಹಂತೇಕ ಇದ್ದ ಸಿಡಿ ಕಳದದ. ಒಂದು ತುಂಬಿ ಕೊಡ್ರಿ,” ಎಂದರು. ಪುಕ್ಕಟೆ ತುಂಬಿಕೊಟ್ಟೆ.

ಮರುದಿನ ಮತ್ತೆ ಬಂದರು. “ದನಿ ಗೊರಗೊರ ಅಂತದ. ಅಸಲಿ ಇಲ್ಲೇನ್ರಿ?”

“ಅಸಲಿ ಅಂದ್ರ ನೀವ ಅಲ್ಲೇನ್ರಿ!”

೩. ನಕಲು ಅಪರಾಧ

ಅವರು ಹೋದಮೇಲೆ ನನಗೆ ನಿಜಕ್ಕೂ ನಾಚಿಕೆಯಾಯಿತು. ಪರಿಚಯದ ವಕೀಲರನ್ನು ಕೇಳಿದೆ. “ಅಗ್ಗಕ್ಕ ಮಾರಿದ್ರ ಕದ್ದಿದ್ದು ನಿಂದಾಗೂದಿಲ್ಲೋ. ಮಾಲೀಕನ ಪರವಾನಗಿ ಬೇಕು,” ಎಂದು ಫಲಕಕ್ಕೆ ಎರಡು ಸಾಲನ್ನೂ ಬರೆದುಕೊಟ್ಟರು: ‘ಪರವಾನಗಿ ಇಲ್ಲದೆ ನಕಲು ಮಾಡುವುದು ಅಪರಾಧ. ಇಲ್ಲಿ ಹಾಡು ತುಂಬುವುದಿಲ್ಲ.’ ಅದನ್ನು ಮರಾಠಿಗೆ ತಿರುಗಿಸಿ, ಕೆಳಗೆ ನನ್ನ ಫೋನ್ ನಂಬರನ್ನೂ ಹಾಕಿಸಿ ತೂಗುಹಾಕಿದೆ. ಗಿರಾಕಿ ಅರ್ಧಕ್ಕಿಳಿದರೂ ಮನಸ್ಸಿಗೆ ನೆಮ್ಮದಿ ಸಿಕ್ಕಿತು.

ನೆಮ್ಮದಿ ಒಂದೇ ವಾರ. ಯಾರೋ ಫೋನ್ ಮಾಡಿ ಮರಾಠಿಯಲ್ಲಿ ಗದರಿದರು: “ಹೊರಗೆ ಅಪರಾಧ ಅಂತ ಬೋರ್ಡು, ಒಳಗೆ ಹಾಡು ತುಂಬುತ್ತೀರಿ. ಕಂಪ್ಲೇಂಟ್ ಕೊಡಲಾ?”

ನಾನು ತುಂಬುವುದನ್ನೇ ಬಿಟ್ಟಿದ್ದೆನಲ್ಲ! ಯಾವ ಅಂಗಡಿ ಎಂದು ವಿಚಾರಿಸಿಕೊಂಡು ರೈಲ್ವೆ ಸ್ಟೇಶನ್ ಕಡೆ ಓಡಿದೆ. ಬೇರೆಯವನ ಅಂಗಡಿ. ಬಾಗಿಲಿಗೆ ಸಾಕ್ಷಾತ್ ನನ್ನದೇ ಫಲಕ, ನನ್ನದೇ ನಂಬರ್! ಪಕ್ಕದ ಓಣಿಯಲ್ಲಿ ಇನ್ನೆರಡು.

ಫಲಕ ಮಾಡಿಕೊಟ್ಟ ಪಕ್ಕದ ಪ್ರಿಂಟಿಂಗ್ ಅಂಗಡಿಯ ಸೊಲ್ಲಾಪುರದವನ ಹತ್ತಿರ ಹೋಗಿ ಕೂಗಾಡಿದೆ.

“ಎಲ್ಲಾರೂ ಕೇಳಿದ್ರು, ಫೈಲ್ ಇತ್ತು, ಅಗ್ಗದಾಗ ಹೊಡದು ಕೊಟ್ಟೆ,” ಎಂದ ಅವನು.

“ಯಾರ ಪರವಾನಗಿ ತಗೊಂಡ್ಯೋ?”

“ಪರವಾನಗಿ ಯಾಕ್ರಿ?” ಅವನಿಗೆ ನಿಜಕ್ಕೂ ಬೇಸರವಾಗಿತ್ತು. “ಕದ್ದ ಮಾಲು ಅಲ್ರಿ ಅದು. ಒಬ್ಬೊಬ್ಬರಿಗೂ ಪಕ್ಕಾ ಬಿಲ್ ಕೊಟ್ಟೇನಿ!”