ಮಲಾವಿಯ ಕೈಪಂಪಿಗೆ ಕಟ್ಟಿದ ಕೆಂಪು ರಿಬ್ಬನ್ನಿಗೆ

ಮಾನ್ಯ ಕೆಂಪು ರಿಬ್ಬನ್ನಿನವರೇ,

ಮೈಸೂರಿನ ರಾಮಕೃಷ್ಣನಗರದಿಂದ ನಿವೃತ್ತ ಟೀಚರ್ ಅಂತೋಣಿಯಮ್ಮ ಮಾಡುವ ವಂದನೆಗಳು. ನಾವಿಲ್ಲಿ ಕ್ಷೇಮ, ತಾವೂ ಆಫ್ರಿಕಾದ ಮಲಾವಿ ದೇಶದ ಆ ಹಳ್ಳಿಯಲ್ಲಿ, ಹೊಸ ಕೈಪಂಪಿನ ಹಿಡಿಗೆ ಸುತ್ತಿಕೊಂಡು, ಬಣ್ಣ ಮಾಸದೆ ಕ್ಷೇಮವಾಗಿರುವುದನ್ನು ಅಲ್ಲಿ ನರ್ಸಾಗಿರುವ ನನ್ನ ತಂಗಿಯ ಮಗಳು ಜೆನ್ನಿ ಕಳಿಸಿದ ಫೋಟೋದಲ್ಲಿ ಕಂಡೆ.

ಪಂಪು ಕೂಡಿಸಿ ಹತ್ತೊಂಬತ್ತು ದಿನವಾಯಿತು, ನೀರು ಕುಡಿಯಲು ಯೋಗ್ಯ ಎಂಬ ಚೀಟಿಯೂ ಬಂದಿದೆ. ಆದರೆ ಅದನ್ನು ಹಾಕಿಸಿಕೊಟ್ಟ ನಮ್ಮ ಜಲಸೇವಾ ಸಮಿತಿಯ ಅಧ್ಯಕ್ಷರಾದ ಸುಂದರೇಶ ಅವರು, ಆಷಾಢದಲ್ಲಿ ಶುಭಕಾರ್ಯ ಕೂಡದು, ಶ್ರಾವಣದಲ್ಲಿ ಒಳ್ಳೆಯ ಮುಹೂರ್ತ ನೋಡಿ ತಾನು ಇಲ್ಲಿಂದಲೇ ವಿಡಿಯೋ ಕಾಲ್‌ನಲ್ಲಿ ಉದ್ಘಾಟಿಸುವವರೆಗೂ ಯಾರೂ ಒಂದು ಲೋಟ ನೀರೂ ಎತ್ತಕೂಡದು ಎಂದು ನಿರ್ಣಯ ಮಾಡಿಸಿದ್ದಾರೆ. ಆಷಾಢ ಬಂದದ್ದು ತಿಳಿಯದೆ ಮೇಲೆ ಬರಲು ಸಿದ್ಧವಾಗಿ ಕೂತಿರುವುದು ನೀರಿನ ತಪ್ಪೇ ಹೊರತು ಸಮಿತಿಯದಲ್ಲ. ಆ ಸಭೆಯಲ್ಲಿ ಬಲಗೈಯಲ್ಲಿ ಉಪ್ಪಿಟ್ಟು ತಿನ್ನುತ್ತಾ ಎಡಗೈ ಎತ್ತಿ ಒಪ್ಪಿದವರಲ್ಲಿ ನಾನೂ ಒಬ್ಬಳು. ನೆನೆಸಿಕೊಂಡರೆ ನಾಚಿಕೆಯಾಗುತ್ತದೆ ಕಣ್ರೀ.

ತಮ್ಮ ಕರ್ತವ್ಯನಿಷ್ಠೆಯನ್ನು ಎಷ್ಟು ಹೊಗಳಿದರೂ ಸಾಲದು. ಬೆಳಗಾದರೆ ಹೆಂಗಸರು ಬಕೆಟ್ ಹೊತ್ತು ತಮ್ಮ ಮುಂದೆಯೇ ಹಾದು, ಒಂದು ಗಂಟೆ ನಡೆದು, ದನ ಇಳಿಯುವ ಹೊಂಡದಿಂದ ರಾಡಿ ನೀರು ತರುತ್ತಾರೆ; ತಾವು ಜಪ್ಪಯ್ಯ ಎಂದರೂ ಸಡಿಲವಾಗುವುದಿಲ್ಲ. ಆ ನೀರು ಕುಡಿದು ಭೇದಿಯಾಗಿ ಮೂರು ಮಕ್ಕಳು ಜೆನ್ನಿಯ ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿಸಿಕೊಂಡು ಮಲಗಿವೆ. ಅದರಲ್ಲಿ ಚಿಕ್ಕದಕ್ಕೆ ಇನ್ನೂ ಹಲ್ಲೇ ಬಂದಿಲ್ಲ, ಪಂಚಾಂಗವಂತೂ ಗೊತ್ತೇ ಇಲ್ಲ. ಜೆನ್ನಿ ಕತ್ತರಿ ಹಿಡಿದು ಹೊರಟರೆ, ಸಮಿತಿಯ ಕತ್ತರಿ ಕೊರಿಯರ್‌ನಲ್ಲಿ ಬರುತ್ತಿದೆ, ಆತುರ ಬೇಡ ಎಂದು ಇಲ್ಲಿಂದ ಫೋನು ಹೋಯಿತು.

ಆದ್ದರಿಂದ ತಾವೇ ದೊಡ್ಡ ಮನಸ್ಸು ಮಾಡಿ, ಗಾಳಿಗೆ ಬಿಚ್ಚಿಹೋದಂತೆ ಬಿಚ್ಚಿಕೊಳ್ಳಬೇಕೆಂದು ವಿನಂತಿ. ಅದು ನಿಯಮಕ್ಕೆ ವಿರುದ್ಧವಾದರೆ, ಶ್ರಾವಣದವರೆಗೆ ತಡೆದುಕೊಳ್ಳುವಂತೆ ಆ ಮಕ್ಕಳ ಹೊಟ್ಟೆಗೆ ಒಂದು ಮಾತು ಹೇಳಬೇಕು. ಅದೂ ಆಗದಿದ್ದರೆ, ತಮ್ಮ ಬಂಧುವೊಬ್ಬರನ್ನು ಸುಂದರೇಶ ಅವರ ಮನೆಯ ನಲ್ಲಿಗೆ ಆಷಾಢ ಮುಗಿಯುವವರೆಗೆ ಸುತ್ತಿಕೊಂಡಿರಲು ಕಳಿಸಿಕೊಡಬೇಕು.

ಎಡಗೈ ಎತ್ತಿದ ತಪ್ಪಿಗೆ ಸದಾ ತಮ್ಮ ವಿಶ್ವಾಸಿ,
ಅಂತೋಣಿಯಮ್ಮ

ತಾ.ಕ.: ಪತ್ರ ಮುಗಿಸುವಷ್ಟರಲ್ಲಿ ಜೆನ್ನಿಯ ಮೆಸೇಜು ಬಂತು. ಆ ಹಲ್ಲು ಬಾರದ ಮಗುವಿನ ಅಜ್ಜಿ ಇವತ್ತು ಬೆಳಿಗ್ಗೆ ತಮ್ಮನ್ನು ಬಿಚ್ಚಿ, ಊರಿಗೆಲ್ಲ ನೀರು ತುಂಬಿಸಿ, ಫೋಟೋಗೆ ಬೇಕಾದೀತೆಂದು ಮೊದಲಿನ ಹಾಗೇ ಗಂಟು ಹಾಕಿದರಂತೆ. ಇನ್ನು ದಿನಾ ಹೀಗೇ ಅಂತೆ. ಉದ್ಘಾಟನೆಯ ದಿನ ಮೊದಲ ಸಲ ನೀರು ಕಂಡವರಂತೆ ಬೆರಗಾಗಲು ಊರಿನ ಮಕ್ಕಳಿಗೆ ತಾಲೀಮು ಶುರುವಾಗಿದೆ. ಸುಂದರೇಶ ಅವರಿಗೆ ಹೇಳಬೇಡಿ, ಪಾಪ, ಭಾಷಣ ಬಾಯಿಪಾಠ ಮಾಡುತ್ತಿದ್ದಾರೆ.